ಉರಿದಷ್ಟೂ ಮಂಕಾಗುವ ಬೆಳಕು

ಆಗಸ್ಟ್ ರಜೆಗೆ ಟೋಕಿಯೊದಿಂದ ಮೈಸೂರಿಗೆ ಬಂದ ಭಾವ, ಕೈಕಾಲು ತೊಳೆಯುವ ಮೊದಲೇ ನನ್ನ ಕೆಲಸದ ಮೇಜಿನ ಮೇಲೆ ಎರಡು ಪೊಟ್ಟಣ ಇಟ್ಟರು. ಒಂದರಲ್ಲಿದ್ದದ್ದು ಬೆಳ್ಳಿ ಬಣ್ಣದ ಗೇಮ್ ಬಾಯ್ ಲೈಟ್. ಹಳೆಯ ಸಾಮಾನಿನ ಅಂಗಡಿಯ ‘ಜಂಕ್’ ಬುಟ್ಟಿಯಿಂದ ಆರಿಸಿ ತಂದದ್ದು. ಜಪಾನಿನ ಅಂಗಡಿಗಳಲ್ಲಿ ಆ ಮಾತಿಗೆ ಕಸ ಎಂಬ ಅರ್ಥವಿಲ್ಲ. ನಡೆದರೆ ನಿಮ್ಮ ಪುಣ್ಯ, ನಡೆಯದಿದ್ದರೆ ನಮ್ಮನ್ನು ಕೇಳಬೇಡಿ ಎಂದಷ್ಟೇ ಅರ್ಥ. ಎರಡನೆಯ ಪೊಟ್ಟಣ ಬಿಚ್ಚಿದಾಗ ನಾನು ಸ್ವಲ್ಪ ಹೊತ್ತು ಮುಟ್ಟದೆ ನೋಡಿದೆ. ಅರಿಶಿನದಂಥ ಗಾಢ ಹಳದಿ. 1998ರಲ್ಲಿ ಪೊಕೆಮಾನ್ ಹೆಸರಿನಲ್ಲಿ ಬಂದ ಸೀಮಿತ ಆವೃತ್ತಿಯ ಗೇಮ್ ಬಾಯ್ ಲೈಟ್. ಪೆಟ್ಟಿಗೆ ಇಲ್ಲ, ಕೈಪಿಡಿ ಇಲ್ಲ. ಆದರೆ ಬೆನ್ನಿನಲ್ಲಿ ಒಂದು ಕ್ಯಾಸೆಟ್ಟು ಸಿಕ್ಕಿಸಿಕೊಂಡೇ ಇತ್ತು.

“ಇದನ್ನ ಭದ್ರವಾಗಿ ಎತ್ತಿಡಪ್ಪ, ಇನ್ನೈದು ವರ್ಷ ಬಿಟ್ಟು ಮಾರೋಣ” ಎಂದರು ಭಾವ. “ಮಾಮ, ನಾನು ಇದರಲ್ಲೇ ಆಡಬೇಕು” ಎಂದಳು ಅವರ ಮಗಳು, ಹತ್ತು ವರ್ಷದವಳು. ನನ್ನ ಕೈ ಆಗಲೇ ಸ್ಕ್ರೂಡ್ರೈವರಿನ ಡಬ್ಬಿ ಹುಡುಕುತ್ತಿತ್ತು. ಆಡುವುದೋ, ಬಿಚ್ಚಿ ಬದಲಿಸುವುದೋ, ಮಾರುವುದೋ? ಕೈಯಲ್ಲಿ ಹಿಡಿಯುವ ಹಳೆಯ ಆಟದ ಯಂತ್ರಗಳನ್ನು ರಿಪೇರಿ ಮಾಡುವವರ ಮುಂದೆ ಈ ಮೂರು ಪ್ರಶ್ನೆ ದಿನವೂ ಬಂದು ಕೂರುತ್ತವೆ. ಉತ್ತರ ಹೇಳುವುದು ಬೆಲೆಯ ಪಟ್ಟಿಯಲ್ಲ, ಯಂತ್ರದ ಹೊಟ್ಟೆಯೊಳಗೆ ಏನಿದೆ ಎಂಬ ತಿಳಿವಳಿಕೆ. ಆ ಕಸುಬನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕೆಂದಿದ್ದೇನೆ.

ಮೊದಲ ಗೇಮ್ ಬಾಯ್ ಬಂದದ್ದು 1989ರ ಏಪ್ರಿಲ್ 21ರಂದು. ನಿಂಟೆಂಡೊ ಕಂಪನಿಯಲ್ಲಿ ಅದನ್ನು ರೂಪಿಸಿದ ತಂಡದ ಹಿರಿಯ ಗುನ್ಪೇ ಯೊಕೊಯಿ. ಹೊಸದನ್ನು ಬೆನ್ನಟ್ಟಬೇಡ, ಬಳಸಿ ಬಳಸಿ ಪಳಗಿದ, ಅಗ್ಗವಾದ ತಂತ್ರಜ್ಞಾನವನ್ನು ಯಾರೂ ಯೋಚಿಸದ ಕಡೆ ತಂದು ಕೂರಿಸು ಎನ್ನುವುದು ಅವರ ನಂಬಿಕೆ. ಹಾಗಾಗಿಯೇ ಅದರ ಪರದೆಗೆ ಬಣ್ಣವಿಲ್ಲ, ಹಿಂದೆ ದೀಪವಿಲ್ಲ. ಅಡ್ಡಕ್ಕೆ 160, ಉದ್ದಕ್ಕೆ 144 ಚುಕ್ಕಿ, ನಾಲ್ಕು ಛಾಯೆ, ಅಷ್ಟೆ. ಮರುವರ್ಷ ಸೆಗಾ ಕಂಪನಿ ಬಣ್ಣದ ಪರದೆ, ಒಳಗೆ ದೀಪ ಎಲ್ಲ ಇದ್ದ ಗೇಮ್ ಗೇರ್ ತಂದಿತು. ಆದರೆ ಅದು ಆರು ಪೆನ್ಸಿಲ್ ಬ್ಯಾಟರಿಯನ್ನು ಕೆಲವೇ ಗಂಟೆಗಳಲ್ಲಿ ನುಂಗಿಬಿಡುತ್ತಿತ್ತು. ದೀಪವಿಲ್ಲದ ಗೇಮ್ ಬಾಯ್ ನಾಲ್ಕು ಬ್ಯಾಟರಿಯಲ್ಲಿ ಅದರ ಹಲವು ಪಟ್ಟು ಹೊತ್ತು ನಡೆಯಿತು. ಗೆದ್ದದ್ದು ಗೇಮ್ ಬಾಯ್. ಮುಂದೆ ಬಂದ ಬಣ್ಣದ ಮಾದರಿಯನ್ನೂ ಸೇರಿಸಿ ಜಗತ್ತಿನಲ್ಲಿ ಮಾರಾಟವಾದದ್ದು ಸುಮಾರು 11.87 ಕೋಟಿ ಯಂತ್ರ.

ಆದರೂ ರಾತ್ರಿ ಕಂಬಳಿ ಹೊದ್ದು ಆಡುವ ಮಕ್ಕಳಿಗೆ ದೀಪ ಬೇಕೇ ಬೇಕಿತ್ತು. 1998ರ ಏಪ್ರಿಲ್ 14ರಂದು ಗೇಮ್ ಬಾಯ್ ಲೈಟ್ ಬಂತು. ಬೆಲೆ 6,800 ಯೆನ್. ಜಪಾನ್ ಬಿಟ್ಟು ಬೇರೆಲ್ಲೂ ಅದನ್ನು ಮಾರಲಿಲ್ಲ. ಯೊಕೊಯಿ ಅದನ್ನು ನೋಡಲಿಲ್ಲ. ಹಿಂದಿನ ವರ್ಷದ ಅಕ್ಟೋಬರ್‌ನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ದರು. ಲೈಟ್ ಬಂದ ಆರೇ ತಿಂಗಳಿಗೆ, ಅಕ್ಟೋಬರ್ 21ಕ್ಕೆ, ಗೇಮ್ ಬಾಯ್ ಕಲರ್ ಅಂಗಡಿಗೆ ಬಂತು, ಎಲ್ಲರ ಕಣ್ಣು ಅತ್ತ ಹೊರಳಿತು. ಹೀಗೆ ಅಂಗಡಿಯಲ್ಲಿ ಮೆರೆದದ್ದು ಸ್ವಲ್ಪ ಕಾಲವೇ ಆದ್ದರಿಂದ ಲೈಟ್ ಅಪರೂಪವಾಯಿತು. ಸಾಮಾನ್ಯವಾಗಿ ಸಿಗುತ್ತಿದ್ದದ್ದು ಬೆಳ್ಳಿ ಮತ್ತು ಚಿನ್ನದ ಬಣ್ಣ. ಒಸಾಮು ತೆಜುಕಾ ಬರೆದ ಆಸ್ಟ್ರೋ ಬಾಯ್ ಚಿತ್ರವಿರುವ ಪಾರದರ್ಶಕ ಬಾಡಿ, ಪೊಕೆಮಾನಿನ ಈ ಗಟ್ಟಿ ಹಳದಿ, ಹೀಗೆ ಕೆಲವು ವಿಶೇಷ ಆವೃತ್ತಿಗಳೂ ಬಂದವು.

ಈ ಯಂತ್ರದ ಜೀವ ಇರುವುದು ಅದರ ದೀಪದಲ್ಲಿ. ಅದು ಬಲ್ಬಲ್ಲ, ಇಂದಿನ ಎಲ್‌ಇಡಿಯೂ ಅಲ್ಲ. ಎಲೆಕ್ಟ್ರೋಲುಮಿನಿಸೆಂಟ್ ಹಾಳೆ, ಕಸುಬಿನವರ ಬಾಯಲ್ಲಿ ಚುಟುಕಾಗಿ ‘ಇಎಲ್’. ಟೈಮೆಕ್ಸ್ ಇಂಡಿಗ್ಲೋ ಗಡಿಯಾರ ಕಟ್ಟಿದವರಿಗೆ ಗೊತ್ತು: ಗುಂಡಿ ಒತ್ತಿದರೆ ಇಡೀ ಮುಖ ಒಂದೇ ಸಮ ನೀಲಿಹಸಿರಾಗಿ ಬೆಳಗುತ್ತಿತ್ತಲ್ಲ, ಅದೇ. ಸತುವಿನ ಸಲ್ಫೈಡಿಗೆ ಚಿಟಿಕೆಯಷ್ಟು ತಾಮ್ರ ಬೆರೆಸಿದ ಪುಡಿಯನ್ನು ತೆಳುವಾಗಿ ಹರಡಿ, ಎರಡು ವಿದ್ಯುತ್ ಪದರಗಳ ನಡುವೆ ಇಟ್ಟಿರುತ್ತಾರೆ. ಮುಂದಿನ ಪದರ ಕಣ್ಣಿಗೆ ಕಾಣದಷ್ಟು ಪಾರದರ್ಶಕ. ವಿದ್ಯುತ್ತು ಸೆಕೆಂಡಿಗೆ ನೂರಾರು ಸಲ ದಿಕ್ಕು ಬದಲಿಸುತ್ತ ಹಾಯುವಾಗ ಆ ಪುಡಿಯ ಕಣಕಣವೂ ಹೊಳೆಯುತ್ತದೆ. ಇದಕ್ಕೆ ಬೇಕಾದದ್ದು ನೂರರ ಆಸುಪಾಸಿನ ವೋಲ್ಟು. ಎರಡು ಪೆನ್ಸಿಲ್ ಬ್ಯಾಟರಿ ಕೊಡುವುದು ಮೂರು. ಆದ್ದರಿಂದ ಒಳಗೊಂದು ಪುಟ್ಟ ಇನ್ವರ್ಟರ್ ಕೂತು ವೋಲ್ಟನ್ನು ಏರಿಸುತ್ತದೆ. ಮನೆಯವರೆಲ್ಲ ಮಲಗಿದ ಮೇಲೆ ಕಿವಿಯ ಹತ್ತಿರ ಹಿಡಿದರೆ ಸೊಳ್ಳೆ ದೂರದಲ್ಲಿ ಹಾಡಿದಂತೆ ಅದರ ಸಣ್ಣ ಸದ್ದು ಕೇಳುತ್ತದೆ. ದೀಪ ಹಾಕದಿದ್ದರೆ ಬ್ಯಾಟರಿ ಸುಮಾರು 20 ಗಂಟೆ ಬರುತ್ತದೆ, ಹಾಕಿದರೆ 12.

ಬ್ಯಾಟರಿಯದು ದೊಡ್ಡ ಮಾತಲ್ಲ, ತಂದು ಹಾಕಿದರಾಯಿತು. ಹಾಳೆಯ ಸಂಗತಿ ಹಾಗಲ್ಲ. ಇಎಲ್ ಪುಡಿ ಉರಿದಷ್ಟೂ ಸವೆಯುತ್ತದೆ. ಕೆಲವು ಸಾವಿರ ಗಂಟೆ ಬೆಳಗುವ ಹೊತ್ತಿಗೆ ಅರ್ಧ ಕಾಂತಿ ಹೋಗಿರುತ್ತದೆ. ಅಂಚಿನಿಂದ ತೇವ ಒಳಗಿಳಿದರೆ ಇನ್ನೂ ಬೇಗ ಕಪ್ಪು ಕಲೆ ಬೀಳುತ್ತದೆ. ಅಂದರೆ ಈ ಹಳದಿ ಯಂತ್ರದೊಳಗಿನ ಬೆಳಕು ಡಬ್ಬಿಯಲ್ಲಿಟ್ಟ ತುಪ್ಪದ ಹಾಗೆ: ಬಳಸಿದಷ್ಟು ಕಡಿಮೆಯಾಗುತ್ತದೆ, ಬಳಸದೆ ಇಟ್ಟರೂ ಎಂದೆಂದಿಗೂ ಹಾಗೇ ಇರುವುದಿಲ್ಲ. ನಮ್ಮ ಮೂವರ ಜಗಳಕ್ಕೆ ನಿಜವಾದ ಮೊನೆ ಬಂದದ್ದು ಇಲ್ಲಿ.

ಸೀಮಿತ ಆವೃತ್ತಿ ಎಂಬುದರ ಬಗ್ಗೆಯೂ ಎರಡು ಮಾತು ಹೇಳಿಬಿಡುತ್ತೇನೆ. 2014ರಲ್ಲಿ ಸೋನಿ ತನ್ನ ಪ್ಲೇಸ್ಟೇಷನ್ನಿಗೆ ಇಪ್ಪತ್ತು ತುಂಬಿದ ನೆನಪಿಗೆ, ಹಳೆಯ ಯಂತ್ರದ ಬೂದು ಬಣ್ಣದಲ್ಲಿ 12,300 ಪ್ಲೇಸ್ಟೇಷನ್ 4 ಮಾಡಿ ಒಂದೊಂದಕ್ಕೂ ಕ್ರಮಸಂಖ್ಯೆ ಕೊಟ್ಟಿತು. ಮೊದಲ ಪ್ಲೇಸ್ಟೇಷನ್ ಬಂದದ್ದು ಡಿಸೆಂಬರ್ 3ರಂದು; ಆ 12 ಮತ್ತು 3ರಿಂದ ಹುಟ್ಟಿದ ಲೆಕ್ಕ ಅದು. ಒಳಗಿದ್ದದ್ದು ಆ ವರ್ಷ ಎಲ್ಲರೂ ಕೊಂಡ ಯಂತ್ರವೇ. ನಮ್ಮ ಹಳದಿಯೂ ಹಾಗೇ. ಬೆಳ್ಳಿಯದೂ ಹಳದಿಯದೂ ಪಕ್ಕಪಕ್ಕ ಬಿಚ್ಚಿಟ್ಟರೆ ಬೋರ್ಡು, ಪರದೆ, ದೀಪ, ರಬ್ಬರು ಯಾವುದು ಯಾವುದರದೆಂದು ಹೇಳಲಾಗದು. ಅಪರೂಪವೆಲ್ಲ ಇರುವುದು ಪ್ಲಾಸ್ಟಿಕ್ಕಿನ ಬಾಡಿಯಲ್ಲಿ, ಅದರ ಮೇಲಿನ ಅಚ್ಚಿನಲ್ಲಿ. ಇದು ಗೊತ್ತಾದರೆ ಕಸುಬಿನವನಿಗೆ ದಾರಿ ಅರ್ಧ ತಿಳಿದಂತೆ, ಏಕೆಂದರೆ ಬಾಡಿ ಸವೆಯುವುದು ಕೈಬೆವರಿನಿಂದ, ಒಳಗಿನದು ಸವೆಯುವುದು ಬೇರೆ ಕಾರಣಗಳಿಂದ. ಎರಡನ್ನೂ ಒಂದೇ ಪ್ರಶ್ನೆಯಾಗಿ ನೋಡಬೇಕಾಗಿಲ್ಲ.

ಬಿಚ್ಚುವುದರಲ್ಲೇ ಕಸುಬು ಶುರು. ಗೇಮ್ ಬಾಯಿಯ ಬೆನ್ನಿನ ಸ್ಕ್ರೂಗಳ ತಲೆಯಲ್ಲಿ ಮೂರು ಎಸಳಿನ ಗೀರು ಇರುತ್ತದೆ. ಮನೆಯ ಸ್ಟಾರ್ ಸ್ಕ್ರೂಡ್ರೈವರ್ ತುರುಕಿ ತಿರುಗಿಸಿದರೆ ಆ ಎಸಳು ಕಿತ್ತುಹೋಗುತ್ತದೆ. ಬಹಳಷ್ಟು ಯಂತ್ರಗಳು ಹಾಳಾದದ್ದು ಆಟದಿಂದಲ್ಲ, ಇಂಥ ಆತುರದಿಂದ. ಮೂರೆಸಳಿನದೊಂದು, ಕ್ಯಾಸೆಟ್ಟು ತೆರೆಯಲು 3.8 ಮಿಲಿಮೀಟರಿನ ವಿಶೇಷ ಬಿಟ್ಟೊಂದು, ಇವೆರಡನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅರ್ಧ ದಿನ ಅಲೆದು ತಂದಿದ್ದೆ.

ಬಿಚ್ಚುವುದಕ್ಕಿಂತ ಸೂಕ್ಷ್ಮವಾದದ್ದು ಮುಚ್ಚುವುದು. ಸ್ಕ್ರೂ ಕೂರುವುದು ಪ್ಲಾಸ್ಟಿಕ್ಕಿನ ತೂತಿನಲ್ಲಿ. ಕಾರ್ಖಾನೆಯಲ್ಲಿ ಮೊದಲ ಸಲ ಬಿಗಿದಾಗ ಅದೇ ತನ್ನ ಮರೆಯನ್ನು, ಅಂದರೆ ಸುರುಳಿ ಗೀರನ್ನು, ಕೊರೆದುಕೊಂಡಿರುತ್ತದೆ. ಮತ್ತೆ ಹಾಕುವಾಗ ನೇರ ಬಿಗಿದರೆ ಹೊಸ ಮರೆ ಕೊರೆದು ಹಳೆಯದನ್ನು ಹುಡಿ ಮಾಡುತ್ತದೆ. ಆದ್ದರಿಂದ ಮೊದಲು ಹಿಂದಕ್ಕೆ, ಬಿಚ್ಚುವ ದಿಕ್ಕಿಗೆ, ಮೆಲ್ಲಗೆ ತಿರುಗಿಸಬೇಕು. ಒಂದು ಕಡೆ ಸ್ಕ್ರೂ ‘ಟಿಕ್’ ಎಂದು ಕೂದಲೆಳೆಯಷ್ಟು ಕೆಳಗಿಳಿಯುತ್ತದೆ. ಹಳೆಯ ಮರೆ ಸಿಕ್ಕಿತು. ಈಗ ಮುಂದಕ್ಕೆ ತಿರುಗಿಸಿ, ಬಿಗಿ ಬಂತೆನ್ನುವಾಗ ಕೈ ಬಿಡಿ. ನನಗೆ ಇದನ್ನು ಕಲಿಸಿದವರು ದೇವರಾಜ ಮಾರುಕಟ್ಟೆ ಬಳಿಯ ಗಡಿಯಾರ ರಿಪೇರಿಯ ಒಬ್ಬ ಹಿರಿಯರು. “ಮರೆ ನೀನು ಹುಡುಕಬೇಡ, ಅದೇ ನಿನ್ನ ಬೆರಳಿಗೆ ಬರ್ತದೆ” ಎನ್ನುತ್ತಿದ್ದರು. ಆ ‘ಟಿಕ್’ ಬೆರಳ ತುದಿಗೆ ತಿಳಿದ ದಿನ ನನಗೆ ಆದ ಸಂತೋಷ ಇವತ್ತಿಗೂ ಕಡಿಮೆಯಾಗಿಲ್ಲ.

ಬೆಳ್ಳಿಯದನ್ನು ಮೊದಲು ತೆರೆದೆ. ಬ್ಯಾಟರಿಯ ಗೂಡಿನ ಸ್ಪ್ರಿಂಗಿಗೆ ಬಿಳಿ ಹಸಿರು ಬೂಷ್ಟು. ಯಾರೋ ಬ್ಯಾಟರಿ ಹಾಕಿ ಮರೆತು ವರ್ಷಗಳೇ ಆಗಿದ್ದವು. ಆಲ್ಕಲೈನ್ ಬ್ಯಾಟರಿಯಿಂದ ಸೋರುವುದು ಕ್ಷಾರ, ಅದನ್ನು ಅಡಗಿಸಲು ಹುಳಿ ಬೇಕು: ಹತ್ತಿಕಡ್ಡಿಯಲ್ಲಿ ವಿನೆಗರ್ ಇಲ್ಲವೇ ನಿಂಬೆರಸ. ತಾಮ್ರದ ಚೊಂಬಿಗೆ ಹುಣಸೆಹಣ್ಣು ಉಜ್ಜಿ ಬೆಳಗಿದವರಿಗೆ ಈ ಲೆಕ್ಕ ಹೊಸದಲ್ಲ. ಸಣ್ಣಗೆ ನೊರೆಯೆದ್ದು ಬೂಷ್ಟು ಬಿಡುತ್ತದೆ. ಆಮೇಲೆ ಹುಳಿಯೂ ಉಳಿಯದಂತೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ಒಣಗಿಸಬೇಕು. ಲೋಹ ತಿಂದುಹೋಗಿದ್ದರೆ ಸ್ಪ್ರಿಂಗನ್ನೇ ಬದಲಿಸಬೇಕಾಗುತ್ತದೆ, ಇದರದು ಉಳಿದಿತ್ತು. ಗುಂಡಿಗಳ ಕೆಳಗಿನ ರಬ್ಬರನ್ನು ಎತ್ತಿ, ಅದರ ಕರಿ ಬಿಲ್ಲೆಯನ್ನೂ ಬೋರ್ಡಿನ ಬೆರಳುಬೆರಳಾದ ಗೆರೆಗಳನ್ನೂ ಒರೆಸಿದೆ. ಹಳೆಯ ಗೇಮ್ ಬಾಯಿಗಳಲ್ಲಿ ಆನ್ ಮಾಡುವ ಸ್ವಿಚ್ಚೇ ತುಕ್ಕು ಹಿಡಿದು ಅರೆಬರೆ ವಿದ್ಯುತ್ತು ಕೊಡುವುದು ಬಲು ಸಾಮಾನ್ಯ. ಹೊರಗಿನಿಂದ ನೋಡಿದವರು ಬೋರ್ಡೇ ಹೋಯಿತೆಂದು ಜಂಕ್ ಬುಟ್ಟಿಗೆ ಎಸೆಯುತ್ತಾರೆ. ಒಂದು ಹನಿ ಕಾಂಟ್ಯಾಕ್ಟ್ ಕ್ಲೀನರ್ ಬಿಟ್ಟು ಐವತ್ತು ಸಲ ಅತ್ತಿತ್ತ ಮಾಡಿದೆ. ಯಂತ್ರ ಎದ್ದಿತು.

ಎದ್ದಿತು, ಆದರೆ ಪರದೆಯಲ್ಲಿ ‘ನಿಂಟೆಂಡೊ’ ಎಂಬ ಹೆಸರು ಇಳಿಯುವ ಬದಲು ಕರಿ ಪಟ್ಟಿಯೊಂದು ಇಳಿದು ನಿಂತಿತು. ಇದರ ಹಿಂದೆ ಸೊಗಸಾದ ಏರ್ಪಾಡಿದೆ. ಗೇಮ್ ಬಾಯಿಯೊಳಗೆ 256 ಬೈಟಿನ ಒಂದು ಪುಟ್ಟ ಪ್ರೋಗ್ರಾಮು ಶಾಶ್ವತವಾಗಿ ಕೂತಿದೆ. ಆನ್ ಮಾಡಿದೊಡನೆ ಅದು ಕ್ಯಾಸೆಟ್ಟಿನಿಂದ ನಿಂಟೆಂಡೊ ಚಿಹ್ನೆಯ 48 ಬೈಟುಗಳನ್ನು ಓದಿ ಪರದೆಯ ಮೇಲೆ ಇಳಿಸುತ್ತದೆ, ತನ್ನಲ್ಲಿರುವ ಪ್ರತಿಯೊಂದಿಗೆ ತಾಳೆ ನೋಡುತ್ತದೆ. ತಾಳೆಯಾಗದಿದ್ದರೆ ಅಲ್ಲೇ ನಿಂತುಬಿಡುತ್ತದೆ. ನಕಲಿ ಕ್ಯಾಸೆಟ್ಟು ತಡೆಯಲು ಮಾಡಿದ ಉಪಾಯ ನಮಗೆ ರೋಗ ಪರೀಕ್ಷೆಯಾಗಿ ಒದಗುತ್ತದೆ. ಕರಿ ಪಟ್ಟಿ ಕಂಡರೆ, ಒಳಗಿನ ಪ್ರಾಣ ನೆಟ್ಟಗಿದೆ, ಕ್ಯಾಸೆಟ್ಟಿನ ಸಂಪರ್ಕ ಮಾತ್ರ ಕೊಳೆಯಾಗಿದೆ ಎಂದು ಅರ್ಥ. ತೊಂಬತ್ತರ ದಶಕದಲ್ಲಿ ಟಿ.ವಿ.ಗೆ ಹಚ್ಚುವ ವಿಡಿಯೊ ಗೇಮಿನ ಕ್ಯಾಸೆಟ್ಟಿಗೆ ಬಾಯಿಟ್ಟು ಉಫ್ ಎಂದು ಊದದ ಹುಡುಗರು ನಮ್ಮ ಬೀದಿಯಲ್ಲಿ ಯಾರೂ ಇರಲಿಲ್ಲ. ಊದಿದ ಮೇಲೆ ಆಟ ಬಂದದ್ದು ಉಸಿರಿನ ಮಹಿಮೆಯಲ್ಲ, ತೆಗೆದು ಮತ್ತೆ ಸಿಕ್ಕಿಸಿದ್ದರ ಫಲ. ಉಸಿರಿನ ತೇವ ನಿಧಾನವಾಗಿ ಕ್ಯಾಸೆಟ್ಟಿನ ಚಿನ್ನ ಲೇಪಿಸಿದ ಹಲ್ಲುಗಳನ್ನೇ ತಿನ್ನುತ್ತದೆ. ಹತ್ತಿಕಡ್ಡಿ ಮತ್ತು ಆಲ್ಕೋಹಾಲು ಸಾಕು. ಸಾಣೆ ಕಾಗದ ಮಾತ್ರ ಹಚ್ಚಬಾರದು.

ಬೆಳ್ಳಿಯದರ ದೀಪ ಹಾಕಿದಾಗ ಬಂದದ್ದು ಬೂದಿ ಮುಚ್ಚಿದಂಥ ಬೆಳಕು, ಎಡ ಮೂಲೆಯಲ್ಲಿ ಕಪ್ಪು ಮಚ್ಚೆ. ಹಾಳೆ ದಣಿದಿತ್ತು. ಇದನ್ನು ನಾನು ನಿಸ್ಸಂಕೋಚವಾಗಿ ಬದಲಿಸಿದೆ. ಇಎಲ್ ಹಾಳೆಯನ್ನು ಕತ್ತರಿಯಿಂದ ಬೇಕಾದ ಅಳತೆಗೆ ಕತ್ತರಿಸಬಹುದು. ಆದರೆ ಮೊದಲ ಪ್ರಯತ್ನದಲ್ಲಿ ವಿದ್ಯುತ್ತು ಒಳಹೋಗುವ ಬಾಲದ ಪಟ್ಟಿಯನ್ನೇ ಕತ್ತರಿಸಿ ಹಾಳೆ ಕೆಡಿಸಿದೆ. ಎರಡನೆಯದಕ್ಕೆ ಹಳೆಯ ಹಾಳೆಯನ್ನೇ ಅಚ್ಚಾಗಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡೆ. ಅಳತೆ ಅದೇ ಇರಬೇಕೆಂಬುದಕ್ಕೆ ಕಾರಣ ಕೂರುವ ಜಾಗ ಮಾತ್ರವಲ್ಲ. ಎರಡು ಪದರದ ನಡುವೆ ಪುಡಿಯಿರುವ ಈ ಹಾಳೆ ವಿದ್ಯುತ್ತಿನ ಕಣ್ಣಿಗೆ ಒಂದು ಕೆಪಾಸಿಟರ್. ಹಿಗ್ಗಿಸಿದರೆ ಕುಗ್ಗಿಸಿದರೆ ಇನ್ವರ್ಟರಿನ ಮೇಲಿನ ಹೊರೆಯೂ ಹೆಚ್ಚುಕಡಿಮೆಯಾಗುತ್ತದೆ. ಕತ್ತರಿಸಿದ ಅಂಚಿನಲ್ಲಿ ಎರಡು ಪದರವೂ ಒಂದಕ್ಕೊಂದು ತಾಗದಂತೆ, ತೇವ ಒಳಗೆ ಬಾರದಂತೆ ಪಾರದರ್ಶಕ ಅಂಟುಪಟ್ಟಿ ಸುತ್ತಬೇಕಿತ್ತು. ಹೊರಗೆ ಜಡಿಮಳೆ. ಮೈಸೂರಿನ ಆಗಸ್ಟಿನ ಗಾಳಿಯಲ್ಲಿ ಈ ಕೆಲಸ ಮಾಡಬಾರದೆನಿಸಿ, ಒಣ ಬಿಸಿಲು ಬೀಳುವವರೆಗೆ ಎರಡು ದಿನ ಕಾದೆ. ಕಾಯುವುದೂ ಇದರ ಒಂದು ಉಪಕರಣ. ಮೂರನೆಯ ದಿನ ದೀಪ ಹಾಕಿದಾಗ ಬೆಳ್ಳಿಯ ಯಂತ್ರದ ಮುಖ ಕೊಳದ ನೀರಿನಂತೆ ಬೆಳಗಿತು.

ಹಾಗಿದ್ದರೆ ಹಳದಿಯದಕ್ಕೂ ಮುಂದೊಂದು ದಿನ ಹೊಸ ಹಾಳೆ ಹಾಕಬಹುದಲ್ಲ, ಇಷ್ಟೇಕೆ ಜೋಪಾನ? ಅಕ್ಕ ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು. ಹಾಕಬಹುದು. ಆದರೆ 1998ರಲ್ಲಿ ಆ ಕಾರ್ಖಾನೆಯವರು ಆರಿಸಿದ ಬಣ್ಣ, ಆ ಹದದ ಕಾಂತಿ ಹೊಸ ಹಾಳೆಯಲ್ಲಿ ಬರುವುದಿಲ್ಲ. ಬೆಳ್ಳಿಯದರಲ್ಲಿ ನನಗೆ ಬಂದದ್ದು ಚೆಂದದ ಬೆಳಕು; ಹಳದಿಯದರಲ್ಲಿರುವುದು ಆ ಕಾಲದ ಬೆಳಕು. ಅದನ್ನು ಒಮ್ಮೆ ತೆಗೆದರೆ ಮತ್ತೆ ತಂದು ಕೂರಿಸಲು ಯಾರಿಂದಲೂ ಆಗದು.

ನಾನು ಕೆಲಸ ಹಿಡಿಯುವ ಮುನ್ನ ಕೇಳಿಕೊಳ್ಳುವುದು ಇದೊಂದೇ: ಮಾಡಿದ್ದನ್ನು ನಾಳೆ ಇನ್ನೊಬ್ಬರು ಬಿಚ್ಚಿ ಮೊದಲಿನಂತೆ ಮಾಡಬಹುದೇ? ಸ್ಕ್ರೂ, ರಬ್ಬರು, ತೊಳೆದ ಸ್ವಿಚ್ಚು, ಇವಕ್ಕೆಲ್ಲ ಹೌದು. ಡ್ರಿಲ್ಲಿಂಗಿಗೆ ಇಲ್ಲ. ಬಾಡಿಗೆ ಬಣ್ಣ ಹೊಡೆಯುವುದಕ್ಕೆ ಇಲ್ಲ. ಹಳದಿಗಟ್ಟಿದ ಪ್ಲಾಸ್ಟಿಕ್ಕನ್ನು ಹೈಡ್ರೋಜನ್ ಪೆರಾಕ್ಸೈಡ್ ಬಳಿದು ಬಿಸಿಲಿಗಿಟ್ಟು ಬಿಳಿ ಮಾಡುವ ಪದ್ಧತಿಯೊಂದಿದೆ. ಬೂದು ಬಣ್ಣದ ಸಾಮಾನ್ಯ ಯಂತ್ರಗಳಿಗೆ ನಾನೂ ಮಾಡಿದ್ದೇನೆ, ಒಮ್ಮೆ ಬೆಕ್ಕಿನ ಮೈಯಂತೆ ಪಟ್ಟೆಪಟ್ಟೆಯಾಗಿ ಬಂದದ್ದೂ ಉಂಟು. ಅಪರೂಪದ ಬಾಡಿಗೆ ಅದನ್ನು ಸೋಕಿಸಬಾರದೆಂದು ಅವತ್ತೇ ತೀರ್ಮಾನಿಸಿದೆ.

ಹೀಗೆಂದರೆ ನಾನು ಬದಲಾವಣೆಯ ವಿರೋಧಿ ಎಂದು ತಿಳಿಯಬಾರದು. ಕೋಟಿಗಟ್ಟಲೆ ಮಾರಾಟವಾದ ಬೂದು ಗೇಮ್ ಬಾಯ್ ಇದೆಯಲ್ಲ, ಅದು ಪ್ರಯೋಗಕ್ಕೆ ಹೇಳಿ ಮಾಡಿಸಿದ ಯಂತ್ರ. ಅದರ ಪರದೆಯಲ್ಲಿ ನಿಲುವು ಗೆರೆಗಳು ಕಾಣೆಯಾಗುವ ರೋಗ ಪ್ರಸಿದ್ಧ. ಗಾಜಿಗೆ ಅಂಟಿಸಿದ ರಿಬ್ಬನ್ನಿನ ಸಂಪರ್ಕ ಸಡಿಲಾಗಿರುತ್ತದೆ. ಹದ ಬಿಸಿಯ ಸೋಲ್ಡರಿಂಗ್ ಐರನ್ನನ್ನು ಆ ರಿಬ್ಬನ್ನಿನ ಬುಡದ ಮೇಲೆ ಇಸ್ತ್ರಿ ಎಳೆದಂತೆ ಹಗುರಾಗಿ ಎಳೆದರೆ ಅಂಟು ಕರಗಿ ಮತ್ತೆ ಕಚ್ಚಿಕೊಳ್ಳುತ್ತದೆ, ಮಾಯವಾದ ಗೆರೆಗಳು ಒಂದೊಂದಾಗಿ ಬಂದು ನಿಲ್ಲುತ್ತವೆ. ನೋಡಲು ಇದಕ್ಕಿಂತ ಹಿತವಾದ ರಿಪೇರಿ ನನಗೆ ಗೊತ್ತಿಲ್ಲ. ಹಳೆಯ ಪರದೆಯನ್ನೇ ತೆಗೆದು ಐಪಿಎಸ್ ಪರದೆ ಕೂರಿಸುವವರಿದ್ದಾರೆ. ಸಂಗೀತಗಾರರಂತೂ ಇನ್ನೂ ಮುಂದೆ ಹೋದರು. ಗೇಮ್ ಬಾಯಿಯ ನಾಲ್ಕು ದನಿಗಳನ್ನೇ ವಾದ್ಯವಾಗಿಸುವ ಎಲ್‌ಎಸ್‌ಡಿಜೆ ಎಂಬ ಪ್ರೋಗ್ರಾಮನ್ನು ಯೊಹಾನ್ ಕೊಟ್ಲಿನ್‌ಸ್ಕಿ 2000ದ ಸುಮಾರಿಗೆ ಬರೆದರು. ಅದನ್ನು ಬಳಸುವವರು ಒಳಗಿನ ಆಂಪ್ಲಿಫೈಯರಿನ ಗೊರಗೊರ ಬೇಡವೆಂದು, ಸದ್ದು ಅಲ್ಲಿಗೆ ತಲುಪುವ ಮೊದಲೇ ವಾಲ್ಯೂಮಿನ ಬುಡದಿಂದ ತಂತಿ ಎಳೆದು, ಬಾಡಿಗೆ ತೂತು ಕೊರೆದು ಹೊಸ ಜಾಕು ಕೂರಿಸುತ್ತಾರೆ. ಆ ತೂತು ಯಂತ್ರದ ಗಾಯವಲ್ಲ, ಕೊಳಲಿನ ತೂತು. ಒಂದು ಸಾಮಾನ್ಯ ಯಂತ್ರ ಅದರಿಂದ ಇನ್ನೊಂದು ಜನ್ಮ ಪಡೆಯಿತು. ಅದೇ ತೂತನ್ನು ಈ ಹಳದಿ ಬಾಡಿಗೆ ಕೊರೆದರೆ ಮಾತ್ರ ನನಗೆ ನಿದ್ದೆ ಬಾರದು.

ಇನ್ನು ಭಾವನ ಮಾತು. ಮಾರುವುದರಲ್ಲಿ ತಪ್ಪೇನಿಲ್ಲ; ಮಾರುವವರಿದ್ದದ್ದರಿಂದಲೇ ಇದು ನಮ್ಮ ಮನೆಗೆ ಬಂದದ್ದು. 2021ರ ಜುಲೈನಲ್ಲಿ ಅಮೆರಿಕದ ಹರಾಜೊಂದರಲ್ಲಿ ಸೀಲು ಒಡೆಯದ ‘ಸೂಪರ್ ಮಾರಿಯೊ 64’ ಕ್ಯಾಸೆಟ್ಟಿಗೆ 15.6 ಲಕ್ಷ ಡಾಲರ್ ಬಂದ ಮೇಲೆ, ಅಟ್ಟದ ಮೇಲಿನ ಪ್ರತಿ ಡಬ್ಬಿಯನ್ನೂ ಜನ ಬೇರೆ ಕಣ್ಣಿನಿಂದ ನೋಡತೊಡಗಿದರು. ನನಗೆ ಒಪ್ಪಿಗೆಯಾಗದಿರುವುದು ಒಂದೇ: ಮುಟ್ಟದೆ ಇಟ್ಟರೆ ಉಳಿಯುತ್ತದೆ ಎಂಬ ನಂಬಿಕೆ. 1999ರಲ್ಲಿ ಬಂದ ಪೊಕೆಮಾನ್ ಗೋಲ್ಡ್, ಸಿಲ್ವರ್ ಕ್ಯಾಸೆಟ್ಟುಗಳಲ್ಲಿ ಹಗಲು ರಾತ್ರಿ ಲೆಕ್ಕ ಇಡುವ ಗಡಿಯಾರವಿದೆ. ಅದಕ್ಕೆ ಜೀವ ಕೊಡುವುದು ಸಿಆರ್ 2025 ಎಂಬ ನಾಣ್ಯದಂಥ ಬ್ಯಾಟರಿ. ಸೀಲು ಒಡೆಯದ ಪೆಟ್ಟಿಗೆಯೊಳಗೂ ಆ ಬ್ಯಾಟರಿ ಕಾರ್ಖಾನೆಯಿಂದ ಹೊರಟ ದಿನದಿಂದಲೇ ಸವೆಯುತ್ತಿದೆ. ಯಂತ್ರಗಳಲ್ಲಿಯೂ ಕೆಲವು ಕೆಪಾಸಿಟರುಗಳೊಳಗಿನ ದ್ರವ ಒಣಗುತ್ತದೆ, ಇಲ್ಲವೇ ಸೋರುತ್ತದೆ. ಬೆಲೆ ಏರಿದರೂ ವಸ್ತು ಒಳಗೊಳಗೇ ಇಳಿಯುತ್ತಿರುತ್ತದೆ.

ಮಾರುವುದಾದರೆ ಹೇಳಿ ಮಾರಬೇಕು. ಹಳೆಯ ಕೈಗಡಿಯಾರದ ಹಿಂದಿನ ಮುಚ್ಚಳ ತೆಗೆದು ಒಳಬದಿ ನೋಡಿ: ಸೂಜಿಯ ಮೊನೆಯಿಂದ ಗೀಚಿದ ಪುಟ್ಟ ಗುರುತು, ತಾರೀಖು ಕಂಡಾವು. ರಿಪೇರಿ ಮಾಡಿದವರು ಮುಂದೆ ಬಿಚ್ಚುವವರಿಗೆ ಬಿಟ್ಟ ಸಂದೇಶ ಅದು. ದೇವರಾಜ ಮಾರುಕಟ್ಟೆಯ ಆ ಹಿರಿಯರು ಒಮ್ಮೆ ಒಂದು ಮುಚ್ಚಳದಲ್ಲಿ ನಾಲ್ಕು ಕೈಯ ಗುರುತು ತೋರಿಸಿದ್ದರು. ಒಂದು ಅವರ ತಂದೆಯದು. ಪ್ಲಾಸ್ಟಿಕ್ಕಿನ ಮೇಲೆ ನಾನು ಗೀಚುವುದಿಲ್ಲ. ಯಂತ್ರದ ಜೊತೆ ಒಂದು ಚೀಟಿ ಇಡುತ್ತೇನೆ: ಯಾವ ದಿನ ತೆರೆದೆ, ಏನು ಒರೆಸಿದೆ, ಏನು ಬದಲಿಸಿದೆ, ತೆಗೆದ ಭಾಗ ಎಲ್ಲಿದೆ. ಬೆಳ್ಳಿಯದರ ಚೀಟಿಯ ಜೊತೆ ದಣಿದ ಹಳೆಯ ಹಾಳೆಯೂ ಒಂದು ಲಕೋಟೆಯಲ್ಲಿದೆ. ಬೆಳ್ಳಿಯ ಬೋರ್ಡನ್ನು ಹಳದಿಯ ಬಾಡಿಗೆ ಹಾಕಿ, ಒಳ್ಳೆಯ ದೀಪವನ್ನು ನಮಗೆ ಇಟ್ಟುಕೊಂಡು ಮಾರೋಣವೇ ಎಂದು ಭಾವ ಒಮ್ಮೆ ಯೋಚಿಸಿದ್ದುಂಟು. ಚೀಟಿಯಲ್ಲಿ ಅದನ್ನೂ ಬರೆಯಬೇಕಾಗುತ್ತದೆ ಎಂದೆ. ಅವರು ಅರ್ಧ ಗಳಿಗೆ ಸುಮ್ಮನಿದ್ದು, “ಬೇಡ ಬಿಡು, ಅದರದು ಅದಕ್ಕೇ ಇರಲಿ” ಎಂದರು.

ಹಳದಿಯದನ್ನು ಕೊನೆಗೆ ಒಂದೇ ಸಲ ತೆರೆದೆ. ಒಳಗೆ ನಾನು ಅಂದುಕೊಂಡದ್ದಕ್ಕಿಂತ ಶುಚಿಯಾಗಿತ್ತು. ಸ್ವಿಚ್ಚು, ರಬ್ಬರು, ಕ್ಯಾಸೆಟ್ಟಿನ ಹಲ್ಲು ಒರೆಸಿ, ಪ್ರತಿ ಸ್ಕ್ರೂವಿಗೂ ಹಳೆಯ ಮರೆ ಹುಡುಕಿ ಮುಚ್ಚಿದೆ. ದೀಪವನ್ನು ಎರಡು ಕ್ಷಣ ಹಾಕಿ ನೋಡಿದೆ; ತುಂಬು ಬೆಳಕು.

ಆ ಕ್ಯಾಸೆಟ್ಟು 1996ರ ಪೊಕೆಮಾನ್ ಗ್ರೀನ್. ಆನ್ ಮಾಡಿದಾಗ ‘ಮುಂದುವರಿಸು’ ಎಂಬ ಸಾಲು ಬಂತು. ಇಷ್ಟು ವರ್ಷದ ಮೇಲೂ ಬ್ಯಾಟರಿ ಬದುಕಿತ್ತು, ಯಾರೋ ಆಡಿದ ಆಟ ಹಾಗೇ ಇತ್ತು. ಅಕ್ಕನ ಮಗಳು ಜಪಾನಿ ಅಕ್ಷರ ಓದಿದಳು: ಮೂರಕ್ಷರದ ಒಂದು ಹೆಸರು. ಹುಡುಗನದಿರಬಹುದು, ಹುಡುಗಿಯದಿರಬಹುದು. ಈಗ ಮೂವತ್ತೈದು ದಾಟಿರಬೇಕು. “ಮಾಮ, ಹೊಸದಾಗಿ ಶುರು ಮಾಡ್ಲಾ?” ಎಂದಳು. ನಾನು ಬೇಡವೆಂದು ಕೈ ಹಿಡಿದೆ. ಆ ಕ್ಯಾಸೆಟ್ಟಿನಲ್ಲಿ ಒಂದೇ ಆಟ ಉಳಿಸಲು ಜಾಗ. ಇವಳು ತನ್ನದನ್ನು ಉಳಿಸಿದ ಕ್ಷಣ ಆ ಮಗುವಿನ ಆಟ ಅಳಿಸಿಹೋಗುತ್ತದೆ.

ಇದಕ್ಕೂ ದಾರಿಯಿದೆ. ಕ್ಯಾಸೆಟ್ಟು ಓದುವ ಸಣ್ಣ ಉಪಕರಣವನ್ನು ಕಂಪ್ಯೂಟರಿಗೆ ಜೋಡಿಸಿ, ಒಳಗಿನ ಉಳಿಕೆಯನ್ನು ಮೊದಲು ಕಡತವಾಗಿ ಇಳಿಸಿಕೊಂಡೆ. ಎರಡು ಸಲ ಇಳಿಸಿ, ಎರಡೂ ಒಂದೇ ಎಂದು ತಾಳೆ ನೋಡಿದೆ. ಆಮೇಲೆ ಕ್ಯಾಸೆಟ್ಟು ಬಿಚ್ಚಿ ಬ್ಯಾಟರಿ ಬದಲಿಸಿದೆ. ಹೊಸಬರಿಗೆ ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಲಿಥಿಯಂ ಬ್ಯಾಟರಿಯ ಮೈಗೆ ನೇರ ಸೋಲ್ಡರ್ ಮಾಡಬಾರದು, ಬಿಸಿಗೆ ಒಡೆದೀತು. ಲೋಹದ ಕಿವಿಗಳನ್ನು ಕಾರ್ಖಾನೆಯಲ್ಲೇ ಬೆಸೆದಿರುವ ಬ್ಯಾಟರಿ ಸಿಗುತ್ತದೆ, ಆ ಕಿವಿಯನ್ನು ಮಾತ್ರ ಬೋರ್ಡಿಗೆ ಬೆಸೆಯಬೇಕು. ಹಳೆಯ ಬ್ಯಾಟರಿ ತೆಗೆದಾಗ ನೆನಪೆಲ್ಲ ಖಾಲಿ. ಹೊಸದು ಕೂತ ಮೇಲೆ ಕಡತವನ್ನು ಮತ್ತೆ ಒಳಗೆ ಬರೆದೆ. ಆನ್ ಮಾಡುವಾಗ ನಿಜಕ್ಕೂ ನನ್ನ ಉಸಿರು ಬಿಗಿಯಾಗಿತ್ತು. ‘ಮುಂದುವರಿಸು’ ಬಂತು. ಮೂರಕ್ಷರದ ಹೆಸರೂ ಬಂತು.

ಮರುದಿನ ಮಳೆ ಬಿಟ್ಟಿತ್ತು. ಹಳದಿ ಯಂತ್ರವನ್ನು ಅವಳ ಕೈಗೆ ಕೊಟ್ಟೆ. ಕೈ ತೊಳೆದು ಒರೆಸಿಕೊಂಡು ಹಿಡಿಯಬೇಕು, ಜಗಲಿಯ ಹಗಲು ಬೆಳಕಿನಲ್ಲಿ ಆಡಬೇಕು. ಈ ಪರದೆಗೆ ಹೊರಗಿನ ಬೆಳಕೇ ಸಾಕು, ದೀಪ ಹಾಕದೆ ಎಷ್ಟು ಆಡಿದರೂ ಹಾಳೆ ಸವೆಯುವುದಿಲ್ಲ. ಅವಳು ಹೊಸ ಆಟ ಶುರು ಮಾಡಲಿಲ್ಲ. ನಾನು ಹೇಳಿಕೊಡದೆಯೇ ಮುಂದುವರಿಸುವ ಸಾಲನ್ನು ಒತ್ತಿ, ಆ ಮಗು ನಿಲ್ಲಿಸಿದ ಊರಿನಿಂದ ಹೊರಟು, ಅದು ಸಾಕಿದ ಆರು ಪ್ರಾಣಿಗಳನ್ನು ಒಂದೊಂದಾಗಿ ನೋಡುತ್ತ ಸಂಜೆವರೆಗೂ ತಿರುಗಾಡಿದಳು. “ಇದನ್ನ ಉಳಿಸೋದು ಬೇಡ ಅಲ್ವಾ ಮಾಮ?” “ಬೇಡ.” ಕತ್ತಲಾಗತೊಡಗಿತು. ಪರದೆ ಕಾಣದಾಯಿತು. ಅವಳು ತಲೆಯೆತ್ತಿ ನನ್ನ ಮುಖ ನೋಡಿದಳು. ಭಾವ ಏನೂ ಅನ್ನಲಿಲ್ಲ. ಹಾಕು ಎಂದೆ. ಅವಳ ಬೆರಳಿನ ಕೆಳಗೆ ಸಣ್ಣ ಸದ್ದು, ಆಮೇಲೆ ಜಗಲಿಯಲ್ಲಿ ಅವಳ ಗಲ್ಲದ ತನಕ ನೀಲಿಹಸಿರು ಬೆಳಕು.